ಮೂರನೆಯ ಬೆಂಚಿನ ಇಳಿತ

ಸೈಕಲ್ಲೊಂದು ತನ್ನ ಮೇಲೆ ಕೂತವರನ್ನು ನೋಡಿ ನೋಡಿಯೇ ಇಳಿಯುವುದನ್ನು ಕಲಿತರೆ ಹೇಗೆ? ಈ ಪ್ರಶ್ನೆಯನ್ನು ಹಿಡಿದುಕೊಂಡು ಇಂಜಿನಿಯರ್ ಮಂದಾಕಿನಿ ಧಾರವಾಡದಿಂದ ಕೆಂಪುಗುಡ್ಡಕ್ಕೆ ಬಂದು ಎರಡು ವರ್ಷವಾಗಿತ್ತು. ಹತ್ತುವುದನ್ನು ಕಲಿಸಬೇಕಾಗಿರಲಿಲ್ಲ, ಅದಕ್ಕೆ ಮೋಟಾರಿತ್ತು. ಕಷ್ಟವಿದ್ದದ್ದು ಇಳಿಯುವುದರಲ್ಲಿ.

ಸಂಡೂರಿನ ಕಡೆಯ ಆ ಗುಡ್ಡದಲ್ಲಿ ಒಂದು ಕಾಲಕ್ಕೆ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಗಣಿ ನಿಂತು, ಗುಡ್ಡವನ್ನು ಕಾಡಿಗೆ ಬಿಟ್ಟುಕೊಟ್ಟು ಹದಿನೆಂಟು ವರ್ಷ ಕಳೆದಿತ್ತು. ಗಣಿಯವರು ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದರು. ಆ ಮೆಟ್ಟಿಲುಗಳಿಗೆ ಬೆಂಚು ಎಂದು ಹೆಸರು, ಜನ ಈಗಲೂ ಹಾಗೇ ಅನ್ನುತ್ತಾರೆ. ಬೆಂಚುಗಳ ಮೇಲೆಲ್ಲ ಬೇವು, ಹೊಂಗೆ ಎದ್ದು ನಿಂತಿದ್ದವು. ಕರಡಿಗಳು ವಾಪಸು ಬಂದಿದ್ದವು. ಗುಡ್ಡದ ಮೇಲೆ ಡಾಂಬರು ಹಾಕಬಾರದು, ಇಂಜಿನ್ ಗಾಡಿ ಒಯ್ಯಬಾರದು ಎಂಬ ಕಾನೂನು ಬಂದಿತ್ತು. ಮೇಲೆ ಲಂಬಾಣಿ ಜನರ ಹನ್ನೊಂದು ತಾಂಡಾಗಳಿದ್ದವು. ಅವಕ್ಕೆಲ್ಲ ಇದ್ದದ್ದು ಒಂದೇ ದಾರಿ. ಆ ದಾರಿ ಕೆಳಗೆ ಬರುವಾಗ ಏಳು ಬೆಂಚುಗಳನ್ನು ಇಳಿಯುತ್ತಿತ್ತು. ಆರು ಬೆಂಚು ಮೊಣಕಾಲಿನ ಎತ್ತರ. ಮೂರನೆಯದು ಮಾತ್ರ ತೊಡೆಯ ಎತ್ತರ.

ಈ ದಾರಿಯಲ್ಲಿ ಮಂಗಳವಾರ ಮತ್ತು ಶುಕ್ರವಾರ ಓಡಾಡುತ್ತಿದ್ದವಳು ನರ್ಸ್ ಕೃಷ್ಣಾಬಾಯಿ. ಐವತ್ತೆರಡು ವರ್ಷ. ಅವಳೂ ಲಂಬಾಣಿಯವಳೇ, ಗುಡ್ಡದ ಮೇಲಿನ ತಾಂಡಾದಲ್ಲೇ ಹುಟ್ಟಿದವಳು. ಲಸಿಕೆ ಡಬ್ಬಿ, ತೂಕದ ಜೋಲಿ, ಬಿ.ಪಿ. ನೋಡುವ ಯಂತ್ರ ಎಲ್ಲ ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಿದ್ದಳು. ಆರೋಗ್ಯ ಇಲಾಖೆ ಮೊದಲು ಕೊಟ್ಟಿದ್ದ ಬ್ಯಾಟರಿ ಸೈಕಲ್ಲು ಇಪ್ಪತ್ತೆಂಟು ಕಿಲೋ ತೂಗುತ್ತಿತ್ತು. ಬೆಂಚು ಇಳಿಯುವಾಗ ಅದು ಹೆಚ್ಚು ಅಲ್ಲಾಡುತ್ತಿರಲಿಲ್ಲ, ತುಂಬಿದ ಮೂಟೆಯ ಹಾಗೆ ನೆಟ್ಟಗೆ ಬೀಳುತ್ತಿತ್ತು. ಆದರೆ ನೆಲ ಮುಟ್ಟಿದಾಗಿನ ಪೆಟ್ಟೂ ಮೂಟೆಯದೇ. ನಾಲ್ಕು ವರ್ಷ ಹಾಗೆ ಬಿದ್ದು ಬಿದ್ದು ಕೃಷ್ಣಾಬಾಯಿಯ ಸೊಂಟದ ಮೂಳೆಯ ನಡುವಿನ ಮೆತ್ತೆ ಸವೆದಿತ್ತು. ಒಂದು ಇಳಿತದಲ್ಲಿ ಬೆನ್ನಿಗೆ ಬೀಳುವ ಪೆಟ್ಟು ಅವಳ ತೂಕದ ಎರಡೂವರೆ ಪಟ್ಟು ಮೀರಬಾರದು, ಮೀರಿದರೆ ಈ ಕೆಲಸ ಬಿಡಬೇಕು ಎಂದು ಡಾಕ್ಟರು ಬರೆದುಕೊಟ್ಟಿದ್ದರು.

ಅವಳು ಬಿಟ್ಟರೆ ಬೇರೆ ಏರ್ಪಾಡು ಸಿದ್ಧವಾಗಿತ್ತು. ಹಾರುವ ಪೆಟ್ಟಿಗೆಗಳು ಔಷಧ ಒಯ್ಯುತ್ತವೆ, ತಾಂಡಾಕ್ಕೊಂದು ಪರದೆ ಹಾಕುತ್ತಾರೆ, ನರ್ಸು ಕೆಳಗಿನ ಊರಲ್ಲಿ ಕೂತು ಪರದೆಯಲ್ಲೇ ಮಾತಾಡಬೇಕು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ ಏರ್ಪಾಡಲ್ಲ ಅದು. ಮಂದಾಕಿನಿ ಮಾಡುತ್ತಿರುವ ಹಗುರ ಸೈಕಲ್ಲು ಈ ತಿಂಗಳೊಳಗೆ ಪರೀಕ್ಷೆಯಲ್ಲಿ ಗೆದ್ದರೆ ಕೃಷ್ಣಾಬಾಯಿ ಮೇಲೆ ಹೋಗುತ್ತಾಳೆ, ಇಲ್ಲವಾದರೆ ಪೆಟ್ಟಿಗೆ ಹೋಗುತ್ತದೆ ಎಂದು ಇಲಾಖೆಯ ಸಮಿತಿ ತೀರ್ಮಾನಿಸಿತ್ತು.

ಮಂದಾಕಿನಿಯ ಸೈಕಲ್ಲು ಹದಿನೈದು ಕಿಲೋ. ಬ್ಯಾಟರಿ ಚಿಕ್ಕದು, ಮೋಟಾರು ಚಿಕ್ಕದು. ಇಷ್ಟು ಹಗುರಾದ ಮೇಲೆ ಒಂದು ಹೊಸ ತೊಂದರೆ ಹುಟ್ಟಿಕೊಳ್ಳುತ್ತದೆ. ಭಾರದ ಸೈಕಲ್ಲು ತನ್ನ ಭಾರದಿಂದಲೇ ನೇರ ಇರುತ್ತದೆ. ಹಗುರದ್ದು ಸವಾರ ಹೇಳಿದಂತೆ ಕೇಳುತ್ತದೆ. ಅವನು ಸ್ವಲ್ಪ ಮುಂದೆ ಬಾಗಿದರೆ ಗಾಳಿಯಲ್ಲಿ ಅದರ ಮೂತಿ ತಗ್ಗುತ್ತದೆ, ಹಿಂದೆ ಸರಿದರೆ ಮೇಲೇಳುತ್ತದೆ. ಎರಡೂ ಗಾಲಿ ಒಟ್ಟಿಗೆ ನೆಲ ಮುಟ್ಟಿದರೆ ಪೆಟ್ಟು ಹಂಚಿಹೋಗುತ್ತದೆ. ಒಂದೇ ಗಾಲಿ ಮೊದಲು ಬಿದ್ದರೆ ಅಷ್ಟೂ ಪೆಟ್ಟು ಬೆನ್ನಿಗೆ.

ಅದಕ್ಕೆ ಅವಳು ಎರಡು ಉಪಾಯ ಮಾಡಿದ್ದಳು. ಶಾಕ್ ಅಬ್ಸಾರ್ಬರಿನ ಎಣ್ಣೆಯಲ್ಲಿ ಅತಿ ಸಣ್ಣ ಕಬ್ಬಿಣದ ಪುಡಿ ಬೆರೆಸಿದ್ದಳು. ಕರೆಂಟು ಹರಿದು ಸುತ್ತ ಅಯಸ್ಕಾಂತದ ಶಕ್ತಿ ಹುಟ್ಟಿದ ಕೂಡಲೇ ಆ ಎಣ್ಣೆ ಗಟ್ಟಿ ಅಂಬಲಿಯಂತಾಗಿ ಪೆಟ್ಟು ನುಂಗುತ್ತಿತ್ತು. ಎರಡನೆಯದು, ಸೈಕಲ್ಲು ಗಾಳಿಯಲ್ಲಿದ್ದಾಗ ಮೋಟಾರು ಹಿಂದಿನ ಗಾಲಿಯನ್ನು ಗಿರ್ರನೆ ತಿರುಗಿಸಿದರೆ ಮೂತಿ ಏಳುತ್ತದೆ, ತಡೆದರೆ ಮೂತಿ ತಗ್ಗುತ್ತದೆ. ಯಾವ ಬೆಂಚಿನಲ್ಲಿ ಎಷ್ಟು ತಿರುಗಿಸಬೇಕು ಎಂಬುದನ್ನು ಸೈಕಲ್ಲು ತಾನೇ ಕಲಿಯಬೇಕು. ಹಾಗೆ ಕಲಿಸಲು ಕೃಷ್ಣಾಬಾಯಿಯೂ ಸೇರಿ ಗುಡ್ಡದವರೇ ಆರು ಜನ ಎರಡು ವರ್ಷ ಸರದಿಯಂತೆ ದಿನಾ ಓಡಿಸಿದ್ದರು. ಸೈಕಲ್ಲು ದಾರಿಯ ಪ್ರತಿ ಅಂಗುಲವನ್ನೂ ನೆನಪಿಟ್ಟುಕೊಂಡಿತ್ತು. ಕಳೆದ ತಿಂಗಳು ಕೃಷ್ಣಾಬಾಯಿ ಏಳು ಬೆಂಚನ್ನೂ ಇಳಿದಾಗ ಅತಿ ಹೆಚ್ಚಿನ ಪೆಟ್ಟು ಎರಡು ಪಟ್ಟು ಮಾತ್ರ ಬಂದಿತ್ತು. ಆ ದಿನ ವರ್ಕ್‌ಶಾಪಿನ ಮೆಕ್ಯಾನಿಕ್ ಕೊಟ್ರಪ್ಪ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ತರಿಸಿದ್ದ.

ಪರೀಕ್ಷೆಗೆ ಎರಡು ದಿನ ಮುಂಚೆ ಕೃಷ್ಣಾಬಾಯಿ ಮನೆಯಲ್ಲಿ ಬೋರಲು ಮಲಗಿದ್ದಳು. ಗಂಡ ಲೋಕ್ಯಾನಾಯ್ಕ ಹಂಚಿನ ಮೇಲೆ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಅವಳ ಸೊಂಟಕ್ಕೆ ಒತ್ತುತ್ತಿದ್ದ. ಪ್ರತಿ ಸಲ ಒತ್ತುವ ಮೊದಲು ಗಂಟನ್ನು ತನ್ನ ಮುಂಗೈಗೆ ತಾಗಿಸಿ ಬಿಸಿ ನೋಡುತ್ತಿದ್ದ. ಮದುವೆಯಾಗಿ ಮೂವತ್ತು ವರ್ಷವಾದರೂ ಒಂದು ಸಲವೂ ಅದನ್ನು ಮರೆತವನಲ್ಲ. ಕೆಳಗಿನ ಊರಲ್ಲಿ ಫ್ಯಾನಿನ ಕೆಳಗೆ ಕೂತು ಪರದೆ ನೋಡುವ ಕೆಲಸವೂ ಕೆಟ್ಟದ್ದಲ್ಲ ಎಂದು ಅವನು ಮೆಲ್ಲಗೆ ಹೇಳಿದ. ಅವಳು, ಪರದೆಗೆ ಮಗುವಿನ ವಾಸನೆ ಗೊತ್ತಾಗುವುದಿಲ್ಲ ಅಂದಳು. ಜ್ವರ ಬರುವ ಮಗುವಿಗೆ ಬೇರೆ ವಾಸನೆ ಇರುತ್ತದಂತೆ. ಲೋಕ್ಯಾನಾಯ್ಕ ಆಮೇಲೆ ಆ ಮಾತು ಎತ್ತಲಿಲ್ಲ, ಉಪ್ಪನ್ನು ಇನ್ನೊಮ್ಮೆ ಬಿಸಿ ಮಾಡಿಕೊಂಡು ಬಂದ.

ಪರೀಕ್ಷಕರು ಬಂದದ್ದು ಮರುದಿನ ಬೆಳಗ್ಗೆ. ಕರಾವಳಿಯವರು, ವಿಠಲದಾಸ ಪ್ರಭು ಎಂದು ಹೆಸರು, ನಲವತ್ತೈದರ ಆಸುಪಾಸು, ತೆಳ್ಳಗೆ ಇದ್ದರು. ಅವರ ನಿಯಮ ಸರಳ. ಯಾವ ಗಾಡಿಗೆ ಸಹಿ ಹಾಕಬೇಕೋ ಆ ಗಾಡಿಯನ್ನು ಮೊದಲು ತಾವೇ ಓಡಿಸುತ್ತಾರೆ. ಸಮಿತಿಯ ಪರೀಕ್ಷೆ ನಾಳೆ ಹನ್ನೆರಡು ಗಂಟೆಗೆ, ಇವತ್ತು ಸುಮ್ಮನೆ ಪರಿಚಯ ಮಾಡಿಕೊಳ್ಳುವುದು ಅಂದರು. ಸವಾರನ ಬಿಗಿ ಅಂಗಿ ಹಾಕಿಕೊಂಡರು. ಅದರ ಕೀಲು ಕೀಲಿನಲ್ಲಿ ಸಣ್ಣ ಬಿಲ್ಲೆಗಳಿದ್ದವು, ಮೈ ಹೇಗೆ ಅಲುಗುತ್ತದೆ ಎಂಬುದನ್ನು ಅವು ಬರೆದುಕೊಳ್ಳುತ್ತಿದ್ದವು.

ಮಂದಾಕಿನಿ ಮತ್ತು ಕೊಟ್ರಪ್ಪ ಕಂಟ್ರೋಲ್ ರೂಮಿನಲ್ಲಿ ಕೂತರು. ಅದು ಹಿಂದೆ ಅದಿರಿನ ಲಾರಿಗಳನ್ನು ತೂಗುತ್ತಿದ್ದ ಕೋಣೆ, ಜನ ಅದನ್ನು ತೂಕದ ಮನೆ ಅನ್ನುತ್ತಿದ್ದರು. ಪರದೆಯ ಮೇಲೆ ಪ್ರಭು ಒಂದು ಗೆರೆಗೊಂಬೆಯಾಗಿ ಕಾಣುತ್ತಿದ್ದರು. ಮೊದಲ ಬೆಂಚು ಚೆನ್ನಾಗಿ ಇಳಿದರು. ಎರಡನೆಯದೂ ಹಾಗೇ. ಮೂರನೆಯದರಲ್ಲಿ ಸೈಕಲ್ಲಿನ ಮೂತಿ ಕುದುರೆಯಂತೆ ಎದ್ದಿತು. ಗೆರೆಗೊಂಬೆ ಹಿಂದಕ್ಕೆ ಜಾರಿ ಪರದೆಯಿಂದ ಆಚೆ ಹೋಯಿತು.

ಓಡಿ ಹೋಗಿ ನೋಡಿದರೆ ಪ್ರಭು ಲಂಟಾನದ ಪೊದೆಯಲ್ಲಿ ಕೂತು ಕನ್ನಡಕ ಹುಡುಕುತ್ತಿದ್ದರು. ಮೊಣಕೈ ತರಚಿತ್ತು. ಕೊಟ್ರಪ್ಪ ಬಾಟಲಿ ನೀರಲ್ಲಿ ತೊಳೆದು, ಊದಿ, ಬಟ್ಟೆ ಕಟ್ಟಿದ. ಪ್ರಭು ಬೈಯಲಿಲ್ಲ. ಆದರೆ ಸೈಕಲ್ಲು ಹೀಗೆಯೇ ಇದ್ದರೆ ನಾಳೆ ಬೇಡ ಎಂದು ಬರೆಯಬೇಕಾಗುತ್ತದೆ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ ಎಂದರು. ಬಿದ್ದವರೇ ಹಾಗೆ ಸಮಾಧಾನ ಹೇಳಿದ್ದು ಮಂದಾಕಿನಿಗೆ ಇನ್ನೂ ಕಷ್ಟವಾಯಿತು.

ಹನ್ನೊಂದು ಗಂಟೆಯಿಂದ ತೂಕದ ಮನೆಯಲ್ಲಿ ಹುಡುಕಾಟ ನಡೆಯಿತು. ಗಾಲಿಯ ಗಾಳಿ ಸರಿಯಿತ್ತು. ಎಣ್ಣೆ ಸರಿಯಿತ್ತು. ಪ್ರಭು ಅವರ ತೂಕವೂ ಆರು ಸವಾರರ ತೂಕದ ನಡುವೆಯೇ ಬರುತ್ತಿತ್ತು. ಎರಡು ವರ್ಷದಲ್ಲಿ ಮೂರನೆಯ ಬೆಂಚನ್ನು ನಾಲ್ಕು ಸಾವಿರ ಸಲ ಇಳಿದಿದ್ದಾರೆ, ಒಬ್ಬರೂ ಬಿದ್ದಿಲ್ಲ. ಅಲ್ಲಿ ಮೋಟಾರು ಹಿಂದಿನ ಗಾಲಿಯನ್ನು ಜೋರಾಗಿ ತಿರುಗಿಸಿ ಮೂತಿ ಎತ್ತುತ್ತಿತ್ತು, ಪ್ರಭು ಇಳಿದಾಗಲೂ ಅಷ್ಟೇ ಎತ್ತಿತ್ತು. ಆರು ಜನರಿಗೆ ಹಿಡಿಸಿದ್ದು ಏಳನೆಯವರಿಗೆ ಏಕೆ ಹಿಡಿಸಲಿಲ್ಲ? ಬಹುಶಃ ಕರಾವಳಿಯ ಮೀನಿನ ಊಟ ಕಾರಣವಿರಬೇಕು ಎಂದ ಕೊಟ್ರಪ್ಪ. ಯಾರೂ ನಗಲಿಲ್ಲ. ಕೃಷ್ಣಾಬಾಯಿ ಮೂಲೆಯ ಕುರ್ಚಿಯಲ್ಲಿ ಕೂತು ಪರದೆಯನ್ನೇ ನೋಡುತ್ತಿದ್ದಳು. ಅವಳಿಗೂ ಏನೂ ಕಾಣಲಿಲ್ಲ.

ಒಂದು ಗಂಟೆಗೆ ಲೋಕ್ಯಾನಾಯ್ಕ ಹೆಂಡತಿಗೆ ಬುತ್ತಿ ತಂದ. ಅವಳಿಗಷ್ಟೇ ಅಲ್ಲ, ಮೂವರಿಗೂ ಆಗುವಷ್ಟು ರೊಟ್ಟಿ ಇತ್ತು. ಪರದೆಯ ಮೇಲೆ ಏಳು ಗೆರೆಗೊಂಬೆಗಳು ಒಂದೇ ಸಲ ಮೂರನೆಯ ಬೆಂಚನ್ನು ನಿಧಾನವಾಗಿ ಇಳಿಯುತ್ತಿದ್ದವು. ಮುಖವಿಲ್ಲ, ಬಟ್ಟೆಯಿಲ್ಲ, ಬರೀ ಚುಕ್ಕಿ ಮತ್ತು ಗೆರೆ. ಅವನು ಡಬ್ಬಿ ಇಳಿಸಿ, ನಾಲ್ಕನೆಯ ಗೊಂಬೆಯನ್ನು ತೋರಿಸಿ, ಇದು ನಮ್ಮ ಮನೆಯವಳು ಅಂದ. ಹೇಗೆ ಗೊತ್ತಾಯಿತೆಂದು ಮಂದಾಕಿನಿ ಅಚ್ಚರಿಪಟ್ಟಳು. ಎಡ ಭುಜ ಸ್ವಲ್ಪ ಇಳಿದಿರುತ್ತದೆ, ಡಬ್ಬಿಯ ಪಟ್ಟಿ ಆ ಕಡೆಯದು ಅಂದ. ಆಮೇಲೆ ಕೊನೆಯ ಗೊಂಬೆಯ ಮುಂದೆ ನಿಂತು ಹುಬ್ಬು ಗಂಟಿಕ್ಕಿದ.

"ಇವ್ರು ಯಾರ್ರೀ? ಎಲ್ಲಾರೂ ಇಳಿಗಲ್ಲಿಗೆ ನಮಸ್ಕಾರ ಮಾಡ್ಯಾರ. ಇವರೊಬ್ರು ಮಾಡಿಲ್ಲ."

ಮಂದಾಕಿನಿ ಗೊಂಬೆಗಳನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದಳು.

ಮೂರನೆಯ ಬೆಂಚಿನ ಅಂಚಿನಲ್ಲಿ ಜನ ಇಳಿಗಲ್ಲು ಎಂದು ಕರೆಯುವ ಒಂದು ಕಲ್ಲಿದೆ. ಅದಕ್ಕೆ ಕುಂಕುಮವಿಲ್ಲ, ಗುಡಿಯಿಲ್ಲ, ದೇವರ ಹೆಸರೂ ಇಲ್ಲ. ಗಣಿಯ ಆಳವಾದ ಗುಂಡಿಗೆ ಇಳಿಯುವ ಏಣಿ ಅಲ್ಲಿಂದ ಶುರುವಾಗುತ್ತಿತ್ತು. ಇಳಿಯುವ ಮೊದಲು ಕೂಲಿಯವರು, ಅವರು ಯಾವ ಜಾತಿಯವರಿರಲಿ, ಆ ಕಲ್ಲಿಗೆ ಬಾಗಿ ಇಳಿಯುತ್ತಿದ್ದರು. ಸಂಜೆ ಮೇಲೆ ಬರುತ್ತೇವೋ ಇಲ್ಲವೋ ಗೊತ್ತಿರಲಿಲ್ಲವಲ್ಲ. ಗಣಿ ಹೋಯಿತು, ಏಣಿ ಹೋಯಿತು, ಬಾಗುವುದು ಉಳಿಯಿತು. ಲೋಕ್ಯಾನಾಯ್ಕ ಹದಿನಾರನೆಯ ವಯಸ್ಸಿನಿಂದ ಅಲ್ಲಿ ಅದಿರು ಒಡೆದವನು. ಆರು ಸವಾರರೂ, ಕೊಟ್ರಪ್ಪನೂ ಅಂಥ ಮನೆಯವರೇ. ಎರಡೂ ಕೈ ಹ್ಯಾಂಡಲ್ ಮೇಲಿದ್ದರಿಂದ ಸೊಂಟದಿಂದ ತುಸು ಬಾಗುತ್ತಿದ್ದರು. ಅಷ್ಟೇ ಸಾಕಾಗಿತ್ತು. ಭಾರ ಮುಂದೆ ಬಂದು ಮೂತಿ ತಗ್ಗುತ್ತಿತ್ತು. ಸೈಕಲ್ಲು ಎರಡು ವರ್ಷ ಇದನ್ನು ನೋಡಿ, ಈ ಜಾಗದಲ್ಲಿ ಮೂತಿ ತಗ್ಗುವುದು ಲೋಕದ ನಿಯಮ ಎಂದುಕೊಂಡು, ಅದನ್ನು ಸರಿದೂಗಿಸಲು ಮೂತಿ ಎತ್ತುವುದನ್ನು ಕಲಿತಿತ್ತು. ಬಾಗದವರು ಬಂದಾಗಲೂ ಎತ್ತಿತು.

ಕೃಷ್ಣಾಬಾಯಿಗೆ ನಂಬಿಕೆ ಬರಲಿಲ್ಲ. ತಾನು ಹಾಗೆ ಬಾಗುವುದೇ ಇಲ್ಲ ಎಂದು ವಾದಿಸಿದಳು. ಕೊಟ್ರಪ್ಪ ಪರದೆಯಲ್ಲಿ ಅವಳ ಗೊಂಬೆಯನ್ನು ಹಿಂದೆ ಮುಂದೆ ಮಾಡಿ ತೋರಿಸಿದ. ಆಮೇಲೆ, ಬಾಗದೆ ಇಳಿಯುವುದು ಏನು ಮಹಾ, ನಾನು ಇಳಿದು ತೋರಿಸುತ್ತೇನೆ ಎಂದು ಸೈಕಲ್ಲು ತೆಗೆದುಕೊಂಡು ಹೋದ. ಮೂರು ಸಲ ಇಳಿದ. ಮೂರು ಸಲವೂ ಬಾಗಿದ. ನಾಲ್ಕನೆಯ ಸಲ ಕತ್ತು ಸೆಟೆದು ಆಕಾಶ ನೋಡುತ್ತಾ ಬಂದವನ ಸೊಂಟ ಮಾತ್ರ ಬಾಗಿತು. ವಾಪಸು ಬಂದು, ನನ್ನ ಮೈ ನನ್ನ ಮಾತೇ ಕೇಳುವುದಿಲ್ಲ ಎಂದು ನಾಚಿಕೊಂಡ.

ಕಾರಣವೇನೋ ಸಿಕ್ಕಿತು. ಮಾಡುವುದೇನು? ಮೂರನೆಯ ಬೆಂಚಿನ ನೆನಪನ್ನು ಅಳಿಸಿಬಿಡಬಹುದಿತ್ತು. ಮಂದಾಕಿನಿ ಲೆಕ್ಕ ಹಾಕಿ ನೋಡಿದಳು. ಅಳಿಸಿದರೆ ಪ್ರಭು ಬೀಳುವುದಿಲ್ಲ, ಆದರೆ ಬಾಗುವ ಕೃಷ್ಣಾಬಾಯಿಯ ಮುಂದಿನ ಗಾಲಿ ಮೊದಲು ನೆಲಕ್ಕೆ ಬಡಿಯುತ್ತದೆ, ಪೆಟ್ಟು ಮೂರು ಪಟ್ಟು ದಾಟುತ್ತದೆ. ಡಾಕ್ಟರ ಮಿತಿ ಮೀರಿದರೆ ಅವಳ ಕೆಲಸ ಹೋಯಿತು. ಅಳಿಸದಿದ್ದರೆ ಪ್ರಭು ಬೀಳುತ್ತಾರೆ, ಆಗಲೂ ಹೋಯಿತು.

ಕೊಟ್ರಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದೇಕೆ, ಅದು ನಮ್ಮ ಗುಡ್ಡದ ಪದ್ಧತಿ, ಸ್ವಲ್ಪ ಬಾಗಿ ಹೋಗಿರಿ ಸಾರ್ ಎಂದು ಅವರಿಗೆ ಹೇಳಿದರಾಯಿತು. ಒಳ್ಳೆಯ ಮನುಷ್ಯ, ಖಂಡಿತ ಬಾಗುತ್ತಾರೆ. ಸೈಕಲ್ಲು ಗೆಲ್ಲುತ್ತದೆ. ಇದರಲ್ಲಿ ಸುಳ್ಳೆಲ್ಲಿದೆ?

ಮಂದಾಕಿನಿಗೆ ಆಸೆಯಾಗಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಎರಡು ವರ್ಷದ ಕೆಲಸ. ಅವಳು ಕೃಷ್ಣಾಬಾಯಿಯ ಕಡೆ ನೋಡಿದಳು, ಯಾಕೆಂದರೆ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವಳು ಅವಳೇ.

ಕೃಷ್ಣಾಬಾಯಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಹೇಳಿದಳು: "ನಾ ರಜಾ ಹಾಕಿದ್ ದಿನ ಬ್ಯಾರೆ ಊರಿನ ನರ್ಸ್ ಬರ್ತಾಳ, ಕೊಟ್ರಪ್ಪ. ಆಕಿ ಬೆನ್ನಿಗೂ ಲಸಿಕೆ ಡಬ್ಬಿ ಇರ್ತದ. ಆಕಿ ಬಿದ್ರ ಹಿಡಿಯಾಕ ಅಲ್ಲಿ ಯಾರದಾರ? ನಾ ಹೋಗ್ಬೇಕಂತ ಆಕೀನ ಬೀಳಸ್ಲೇನು?"

ಕೊಟ್ರಪ್ಪ ತಲೆ ಕೆರೆದುಕೊಂಡು, ಹೌದು ಬಿಡಕ್ಕ ಅಂದ. ಆಮೇಲೆ ಅವನೇ ಎದ್ದು ಹೋಗಿ ಗೆಸ್ಟ್‌ಹೌಸಿನಿಂದ ಪ್ರಭು ಅವರನ್ನು ಕರೆದುಕೊಂಡು ಬಂದ.

ಮಂದಾಕಿನಿ ಏನನ್ನೂ ಮುಚ್ಚಿಡಲಿಲ್ಲ. ಇಲ್ಲಿಯವರೆಗೆ ಸೈಕಲ್ಲು ಜಾಗವನ್ನು ನೆನಪಿಟ್ಟುಕೊಳ್ಳುತ್ತಿತ್ತು, ಇನ್ನು ಮೇಲೆ ಅದು ಸವಾರನನ್ನು ಗಮನಿಸಬೇಕು ಎಂದು ವಿವರಿಸಿದಳು. ಹ್ಯಾಂಡಲ್ ಮೇಲೆ ಅಂಗೈ ಒತ್ತುವ ಭಾರವನ್ನು ನೋಡಿದರೆ ಬಾಗಿದರೋ ಇಲ್ಲವೋ ತಿಳಿಯುತ್ತದೆ. ಅಂಚು ದಾಟುವ ಮೊದಲೇ ತಿಳಿದುಕೊಳ್ಳುವಷ್ಟು ಸಮಯವೂ ಇದೆ. ಹ್ಯಾಂಡಲ್ಲಿನಲ್ಲಿ ಒತ್ತಡ ಅಳೆಯುವ ಬಿಲ್ಲೆಗಳು ಮೊದಲಿನಿಂದಲೂ ಇದ್ದವು, ಅವುಗಳ ಮಾತನ್ನು ಸೈಕಲ್ಲಿಗೆ ಕೇಳಿಸಿರಲಿಲ್ಲ ಅಷ್ಟೆ. ಆದರೆ ಬಾಗದವರು ಇಳಿಯುವುದು ಹೇಗಿರುತ್ತದೆ ಎಂದು ಅದಕ್ಕೆ ತೋರಿಸಬೇಕು. ಹತ್ತಾರು ಸಲ ಇಳಿದು ತೋರಿಸಬೇಕು. ಹಾಗೆ ಇಳಿಯುವವರು ಗುಡ್ಡದಲ್ಲಿ ಒಬ್ಬರೂ ಇಲ್ಲ, ತನಗಂತೂ ಬೆಂಚು ಇಳಿಯುವಷ್ಟು ಸವಾರಿ ಬರುವುದಿಲ್ಲ. ಆದ್ದರಿಂದ ಪರೀಕ್ಷೆಯನ್ನು ಒಂದು ವಾರ ಮುಂದೆ ಹಾಕಲು ಸಾಧ್ಯವೇ ಎಂದು ಕೇಳಿದಳು.

ಪ್ರಭು ಮೊಣಕೈಯ ಬಟ್ಟೆ ಸರಿಮಾಡಿಕೊಂಡರು. ವಾರ ಮುಂದೆ ಹಾಕುವುದು ತಮ್ಮ ಕೈಯಲ್ಲಿಲ್ಲ, ತಿಂಗಳು ಮುಗಿಯಲು ಮೂರೇ ದಿನ ಇದೆ ಎಂದರು. ಎದ್ದು ಕಿಟಕಿಯ ಹತ್ತಿರ ಹೋದರು. ಹೊರಗೆ ಸೈಕಲ್ಲು ನಿಂತಿತ್ತು.

"ಪರೀಕ್ಷೆ ನಾಳೆ ಅಲ್ವಾ," ಅಂದರು. "ಇವತ್ತು ನನಗೆ ಮಧ್ಯಾಹ್ನದ ಮೇಲೆ ಕೆಲಸ ಇಲ್ಲ ಮಾರಾಯ್ರೆ. ನಾನಂತೂ ಬಾಗುದಿಲ್ಲ, ನೀವೇ ನೋಡಿದ್ದೀರಿ. ಕೆಳಗೆ ಸ್ವಲ್ಪ ಮರಳು ಹಾಕಿಸಿ, ಆಯ್ತಾ?"

ಮರಳು ಹಾಕಿದ್ದು ಲೋಕ್ಯಾನಾಯ್ಕ ಮತ್ತು ಕೊಟ್ರಪ್ಪ. ಮೇಲೆ ಹಳೆಯ ಕೌದಿ ಎರಡು ಹಾಸಿದರು. ಮಧ್ಯಾಹ್ನ ಮೂರರಿಂದ ಸಂಜೆ ಆರರ ತನಕ ಪ್ರಭು ಮೂರನೆಯ ಬೆಂಚನ್ನು ಇಳಿದರು. ಮೊದಲ ಎಂಟು ಸಲ ಬಿದ್ದರು. ಬಿದ್ದಾಗಲೆಲ್ಲ ಸೈಕಲ್ಲು ಒಂದಿಷ್ಟು ಕಲಿಯಿತು. ಕೃಷ್ಣಾಬಾಯಿ ಕೆಳಗೆ ಕೂತು, ಅವರು ಎದ್ದಾಗಲೊಮ್ಮೆ ಮಣಿಕಟ್ಟು, ಕತ್ತು ಮುಟ್ಟಿ ನೋಡಿ ಕಳಿಸುತ್ತಿದ್ದಳು. ಒಂಬತ್ತನೆಯ ಸಲಕ್ಕೆ ಅವರು ಬೀಳಲಿಲ್ಲ. ಇಪ್ಪತ್ತನೆಯ ಸಲಕ್ಕೆ, ತಮ್ಮೂರಿನ ದೋಣಿ ಅಲೆ ಇಳಿದ ಹಾಗಿದೆ ಅಂದರು. ಮೂವತ್ತೊಂದನೆಯ ಸಲ ಇಳಿದು, ಇನ್ನು ಸೊಂಟ ಕೇಳುವುದಿಲ್ಲ ಎಂದು ಕೌದಿಯ ಮೇಲೆ ಕೂತುಬಿಟ್ಟರು.

ಅಂದು ಸಂಜೆ ಕೃಷ್ಣಾಬಾಯಿಯ ಮನೆಯಲ್ಲಿ ಲೋಕ್ಯಾನಾಯ್ಕ ಎರಡು ಗಂಟು ಉಪ್ಪು ಹುರಿದ. ಪ್ರಭು ಸಂಕೋಚಪಟ್ಟುಕೊಂಡರು. ತಮ್ಮ ಕಡೆ ಇದಕ್ಕೆ ನುಗ್ಗೆ ಸೊಪ್ಪು ಬಿಸಿ ಮಾಡಿ ಕಟ್ಟುತ್ತಾರೆ ಅಂದರು. ಅದೂ ಒಳ್ಳೆಯದೇ ಎಂದು ಲೋಕ್ಯಾನಾಯ್ಕ ಒಪ್ಪಿಕೊಂಡು, ಗಂಟನ್ನು ಮುಂಗೈಗೆ ತಾಗಿಸಿ ನೋಡಿ ಅವರ ಸೊಂಟಕ್ಕೆ ಇಟ್ಟ. ಮಂದಾಕಿನಿ ಊಟಕ್ಕೆ ಬರಲಿಲ್ಲ. ತೂಕದ ಮನೆಯಲ್ಲಿ ಸೈಕಲ್ಲಿಗೆ ಅಂಗೈಯ ಭಾಷೆ ಕಲಿಸುತ್ತ ಕೂತಿದ್ದಳು. ಕೃಷ್ಣಾಬಾಯಿ ಅವಳ ಪಾಲಿನ ಜೋಳದ ರೊಟ್ಟಿ, ಪುಂಡಿ ಪಲ್ಯ ಕಟ್ಟಿ ಕೊಟ್ರಪ್ಪನ ಕೈಯಲ್ಲಿ ಕಳಿಸಿದಳು. ಮೇಲೆ ಒಂದು ಈರುಳ್ಳಿ ಇಟ್ಟಿದ್ದಳು, ಅದನ್ನೂ ಒಡೆದೇ ಇಟ್ಟಿದ್ದಳು, ಕೆಲಸದ ನಡುವೆ ಒಡೆಯುವ ತೊಂದರೆ ಬೇಡವೆಂದು.

ಮರುದಿನ ಹನ್ನೆರಡು ಗಂಟೆಗೆ ಸಮಿತಿಯ ಇಬ್ಬರು ಬಂದರು. ಪ್ರಭು ಮೊದಲು ತಮ್ಮ ಬಗ್ಗೆಯೇ ತಕರಾರು ತೆಗೆದರು. ನಾನು ನಿನ್ನೆ ಮಧ್ಯಾಹ್ನವಿಡೀ ಇದೇ ಬೆಂಚು ಇಳಿದಿದ್ದೇನೆ, ಸೈಕಲ್ಲಿಗೆ ನನ್ನ ಪರಿಚಯವಾಗಿದೆ, ಆದ್ದರಿಂದ ನನ್ನ ಸವಾರಿ ಲೆಕ್ಕಕ್ಕೆ ಬರಬಾರದು, ನಿಮ್ಮಿಬ್ಬರಲ್ಲಿ ಒಬ್ಬರು ಇಳಿಯಬೇಕು ಅಂದರು. ಮಂದಾಕಿನಿಗೆ ಇದು ಬೇಕಿರಲಿಲ್ಲ. ಆದರೆ ಅವರು ಹೇಳಿದ್ದು ನ್ಯಾಯ. ಇಬ್ಬರಲ್ಲಿ ಚಿಕ್ಕವಳಾದ ತುಮಕೂರಿನ ಹೆಂಗಸು ಸವಾರನ ಅಂಗಿ ಹಾಕಿಕೊಂಡಳು. ಅವಳಿಗೆ ಕಲ್ಲಿನ ಸಂಗತಿ ಏನೂ ಗೊತ್ತಿರಲಿಲ್ಲ.

ತೂಕದ ಮನೆಯಲ್ಲಿ ಎಲ್ಲರೂ ಪರದೆಯ ಮುಂದೆ ನಿಂತರು. ಆ ಹೊಸ ಗೆರೆಗೊಂಬೆ ಒಂದನೆಯ ಬೆಂಚು ಇಳಿಯಿತು, ಎರಡನೆಯದು ಇಳಿಯಿತು. ಮೂರನೆಯದರ ಅಂಚಿಗೆ ಬಂದಾಗ ಹೆದರಿ ಮೈ ಹಿಂದಕ್ಕೆ ಎಳೆದುಕೊಂಡಿತು. ಬಾಗುವುದಕ್ಕೆ ಪೂರಾ ತಿರುವುಮುರುವು, ಇಂಥದ್ದನ್ನು ಸೈಕಲ್ಲಿಗೆ ಯಾರೂ ಕಲಿಸಿರಲಿಲ್ಲ. ಅಂಗೈಗಳು ಹ್ಯಾಂಡಲ್ಲಿನ ಮೇಲೆ ಹಗುರಾದವು. ಕೂಡಲೇ ಹಿಂದಿನ ಗಾಲಿ ನಿಧಾನವಾಯಿತು, ಏಳುತ್ತಿದ್ದ ಮೂತಿ ಮೆತ್ತಗೆ ತಗ್ಗಿತು, ಎರಡು ಗಾಲಿಗಳೂ ಒಟ್ಟಿಗೆ ನೆಲ ಮುಟ್ಟಿದವು. ಪರದೆಯ ಮೂಲೆಯಲ್ಲಿ ಒಂದು ಮುಕ್ಕಾಲು ಪಟ್ಟು ಎಂದು ಮೂಡಿತು.

ಆಮೇಲೆ ಕೃಷ್ಣಾಬಾಯಿ ಇಳಿದಳು, ಬೆನ್ನಿಗೆ ತುಂಬಿದ ಡಬ್ಬಿ ಕಟ್ಟಿಕೊಂಡು. ಮೂರನೆಯ ಬೆಂಚಿನಲ್ಲಿ ಬಾಗಿದಳು. ಎರಡು ಪಟ್ಟು. ಏಳನೆಯ ಬೆಂಚು ದಾಟಿ ಸೈಕಲ್ಲು ನಿಲ್ಲಿಸಿದಾಗ, ನಾನು ಬಾಗಿದೆನೇ ಎಂದು ಗಂಡನನ್ನು ಕೇಳಿದಳು. ಲೋಕ್ಯಾನಾಯ್ಕ ಇಲ್ಲ ಅಂದ. ಅವಳು ಅವನ ಮುಖ ನೋಡಿ ನಕ್ಕಳು.

ಪ್ರಭು ಸಹಿ ಹಾಕುವಾಗ, ಮೊಣಕೈ ಬಗ್ಗಿಸಲಾಗದೆ, ಕಾಗದವನ್ನು ಕೊಟ್ರಪ್ಪನ ಬೆನ್ನ ಮೇಲೆ ಇಟ್ಟುಕೊಂಡು ಹಾಕಿದರು.

ಮುಂದಿನ ಮಂಗಳವಾರ ಕೃಷ್ಣಾಬಾಯಿ ಮೇಲಿನ ತಾಂಡಾಗಳಿಗೆ ಹೋದಳು. ಕೊನೆಯ ತಾಂಡಾದಲ್ಲಿ ಸೀತಲಿ ಎಂಬ ಹುಡುಗಿ ಹೆತ್ತು ಇಪ್ಪತ್ತು ದಿನವಾಗಿತ್ತು. ಚೊಚ್ಚಲು. ಅತ್ತೆ, ನಾದಿನಿ, ನೆರೆಮನೆಯವರು ಎಲ್ಲ ಕೂಡಿದ್ದರು. ಕೃಷ್ಣಾಬಾಯಿ ಮಗುವನ್ನು ಜೋಲಿಗೆ ಹಾಕಿ ತೂಗಿದಳು. ಮುನ್ನೂರು ಗ್ರಾಂ ಏರಿತ್ತು. ಅತ್ತೆ ಖುಷಿಯಾಗಿ, ನರ್ಸಮ್ಮ ಇನ್ನು ಬರುವುದಿಲ್ಲ, ಪೆಟ್ಟಿಗೆ ಹಾರಿಕೊಂಡು ಬರುತ್ತದೆ ಅಂದಿದ್ದರಲ್ಲ ಎಂದು ವಿಚಾರಿಸಿದಳು. ಬೆನ್ನು ಹೇಗಿದೆ ಎಂದೂ ಕೇಳಿದಳು. ಚೆನ್ನಾಗಿದೆ ಎಂದು ಕೃಷ್ಣಾಬಾಯಿ ಅಂದಳು, ಅದು ನಿಜವೂ ಆಗಿತ್ತು. ಎಲ್ಲ ಸರಿಯಾಗಿದೆ ಎಂದು ಪುಸ್ತಕದಲ್ಲಿ ಬರೆದು, ಜೋಲಿ ಮಡಿಸಿ, ಡಬ್ಬಿ ಬೆನ್ನಿಗೆ ಹಾಕಿಕೊಂಡಳು.

ಸೀತಲಿ ಅಷ್ಟು ಹೊತ್ತೂ ಒಂದು ಮಾತಾಡಿರಲಿಲ್ಲ. ಕೇಳಿದ್ದಕ್ಕೆಲ್ಲ ತಲೆಯಾಡಿಸಿದ್ದಳು. ಈಗ ಸೈಕಲ್ಲಿನ ತನಕ ಬಂದು, ಹ್ಯಾಂಡಲ್ ಹಿಡಿದುಕೊಂಡು ನಿಂತಳು.

"ಯಾಡೀ," ಅಂದಳು. ಅವರ ಮಾತಿನಲ್ಲಿ ಅಮ್ಮ ಎಂದು ಅದರ ಅರ್ಥ. "ಸ್ವಲ್ಪ ಒಳಗ ಬರ್ತೀ? ಬಾಗ್ಲಾ ಹಾಕಿ ಮಾತಾಡೂನು. ಮಗೂನ ನೋಡಿದ್ರ ನನಗ ಬರೇ ಅಳು ಬರ್ತದ. ಯಾಕಂತ ಗೊತ್ತಾಗವಲ್ದು."

ಕೃಷ್ಣಾಬಾಯಿ ಡಬ್ಬಿಯ ಪಟ್ಟಿ ಬಿಚ್ಚಿ ಕೆಳಗಿಟ್ಟಳು. ಅತ್ತೆಗೆ ಚಹಾ ಕಾಸಲು ಹೇಳಿ, ಸಕ್ಕರೆ ಕಡಿಮೆ ಹಾಕು, ಅವಸರವೇನಿಲ್ಲ ಅಂದಳು. ಆಮೇಲೆ ಹುಡುಗಿಯ ಕೈ ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿದಳು.